ಸಾವಿನ ಲೆಕ್ಕ ಬರೆದ ಗುಮಾಸ್ತ

ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಕಡತಗಳನ್ನು ಓದಿ, ಒಂದೊಂದು ರೋಗಕ್ಕೂ ಒಂದೊಂದು ಸಂಕೇತ ನಮೂದಿಸುವ ಯುವಕ ಯುವತಿಯರನ್ನು ನೀವು ಬಲ್ಲಿರಿ. ಮೆಡಿಕಲ್ ಕೋಡಿಂಗ್ ಎಂದು ಕರೆಯಲ್ಪಡುವ ಈ ಉದ್ಯೋಗವನ್ನು ನಮ್ಮ ಹಿರಿಯರು ಗುಮಾಸ್ತಿಕೆಯ ಹೊಸ ಅವತಾರವೆಂದು ಬದಿಗೆ ಸರಿಸುವುದನ್ನು ನಾನು ಕೇಳಿದ್ದೇನೆ. ಹಾಗೆ ನೋಡಿದರೆ ಇದರ ಮೂಲಪುರುಷನೂ ಗುಮಾಸ್ತನೇ. ಆತನ ಹೆಸರು ವಿಲಿಯಂ ಫಾರ್.

ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಕೆನ್ಲಿ ಎಂಬ ಹಳ್ಳಿಯಲ್ಲಿ 1807ರಲ್ಲಿ, ಬಡ ಕುಟುಂಬವೊಂದರಲ್ಲಿ ಫಾರ್ ಹುಟ್ಟಿದ. ಜೋಸೆಫ್ ಪ್ರೈಸ್ ಎಂಬ ಸ್ಥಳೀಯ ಸ್ಥಿತಿವಂತ ಹುಡುಗನನ್ನು ಸಾಕಿ ಓದಿಸಿದ. 1828ರಲ್ಲಿ ಆ ಆಶ್ರಯದಾತ ತೀರಿಕೊಂಡಾಗ ಬಿಟ್ಟುಹೋದ ಹಣವೇ ಫಾರ್‌ನನ್ನು ಪ್ಯಾರಿಸ್ಸಿಗೆ ಕಳಿಸಿತು. ರೋಗಿಗಳನ್ನು ಎಣಿಸಿ, ಹೋಲಿಸಿ ಚಿಕಿತ್ಸೆಯ ಗುಣಾವಗುಣ ಅರಿಯುವ ಹೊಸ ಪದ್ಧತಿ ಆಗ ಅಲ್ಲಿ ರೂಪುಗೊಳ್ಳುತ್ತಿತ್ತು. ಲಂಡನ್ನಿಗೆ ಮರಳಿ 1832ರಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದನಾದರೂ ವೃತ್ತಿ ಕೈಹಿಡಿಯಲಿಲ್ಲ. 1837ರಲ್ಲಿ ಪತ್ನಿ ಕ್ಷಯರೋಗದಿಂದ ತೀರಿಕೊಂಡಳು. ಅದೇ ವರ್ಷದ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಆರಂಭವಾಯಿತು. ಆ ದಾಖಲೆಗಳ ಸಾರಾಂಶ ಸಿದ್ಧಪಡಿಸುವ ಕೆಲಸಕ್ಕೆ ಫಾರ್ ಸೇರಿಕೊಂಡ. ನಾಲ್ಕು ದಶಕ ಅಲ್ಲಿಯೇ ದುಡಿದ.

ಮೇಜಿನ ಮೇಲೆ ಬಂದು ಬಿದ್ದ ದಾಖಲೆಗಳು ಗೊಂದಲದ ಗೂಡಾಗಿದ್ದವು. ಒಂದೇ ರೋಗಕ್ಕೆ ಊರಿಗೊಂದು ಹೆಸರು. ಒಂದೇ ಹೆಸರಿನಡಿ ಹಲವು ರೋಗಗಳು. ಮೂಲ ಕಾಯಿಲೆಯ ಬದಲು ಅದರ ತೊಡಕನ್ನಷ್ಟೇ ಬರೆದು ಕೈತೊಳೆದುಕೊಂಡ ದಾಖಲೆಗಳೂ ಇದ್ದವು. 1839ರ ಮೊದಲ ವಾರ್ಷಿಕ ವರದಿಯಲ್ಲೇ ಫಾರ್, ಭೌತವಿಜ್ಞಾನಕ್ಕೆ ತೂಕ ಅಳತೆಗಳು ಎಷ್ಟು ಅಗತ್ಯವೋ ವೈದ್ಯಕ್ಕೆ ಏಕರೂಪದ ರೋಗನಾಮಗಳೂ ಅಷ್ಟೇ ಅಗತ್ಯವೆಂದು ವಾದಿಸಿದ. ಮುಂದೆ, ಸಾವಿನ ಕಾರಣ ಬರೆದುಕೊಡಲು ಮುದ್ರಿತ ನಮೂನೆಗಳು ವೈದ್ಯರ ಕೈಸೇರಿದವು. 1874ರ ಕಾಯಿದೆ ಅದನ್ನು ವೈದ್ಯರ ಕಡ್ಡಾಯ ಕರ್ತವ್ಯವಾಗಿಸಿತು.

ಹೆಸರಿಡುವುದು ನಿರುಪದ್ರವಿ ಕೆಲಸವಲ್ಲ ಎಂಬುದು ಆ ಮೊದಲ ವರದಿಯಿಂದಲೇ ಬಯಲಾಯಿತು. ಹಸಿವಿನಿಂದ ಸತ್ತವರು 63 ಮಂದಿ ಎಂದು ಫಾರ್ ನಮೂದಿಸಿದ್ದ. ಬಡವರ ಪರಿಹಾರ ಕಾನೂನನ್ನು ಜಾರಿಗೊಳಿಸುತ್ತಿದ್ದ ಆಯೋಗದ ಕಾರ್ಯದರ್ಶಿ ಎಡ್ವಿನ್ ಚಾಡ್ವಿಕ್ ಕೆರಳಿದ. ಕಾನೂನು ಇರುವ ನಾಡಿನಲ್ಲಿ ಜನ ಹಸಿದು ಸಾಯುವುದುಂಟೇ? ಆ ಪ್ರಕರಣಗಳಿಗೆ ಬೇರೆ ಕಾರಣ ಹುಡುಕುವ ಪ್ರಯತ್ನ ನಡೆಯಿತು. ಕೆಲಸಕ್ಕೆ ಆಗಷ್ಟೇ ಸೇರಿದ್ದ ಫಾರ್ ಮಣಿಯಲಿಲ್ಲ. ಅರೆಹೊಟ್ಟೆಯಲ್ಲಿ ಬದುಕಿದವರನ್ನು ಕೊನೆಗೆ ಕೊಂಡೊಯ್ಯುವುದು ಜ್ವರವೇ ಇರಬಹುದು, ಆದರೆ ಆ ಜ್ವರಕ್ಕೆ ದಾರಿ ಮಾಡಿಕೊಟ್ಟದ್ದು ಯಾವುದು ಎಂಬುದೇ ಆತನ ಪ್ರಶ್ನೆಯಾಗಿತ್ತು. ಬರಗಾಲದಲ್ಲಿ ಸತ್ತವನ ಹೊಟ್ಟೆಯಲ್ಲಿ ಅನ್ನದ ಅಗುಳಿತ್ತೆಂದು ವರದಿ ಬರೆಯುವುದನ್ನು, ರೈತನ ಆತ್ಮಹತ್ಯೆಗೆ ಸಾಲ ಕಾರಣವೋ ಕುಡಿತ ಕಾರಣವೋ ಎಂದು ಸಮಿತಿಗಳು ತೂಗಿ ನೋಡುವುದನ್ನು ಕಂಡ ನಮಗೆ ಈ ಜಗಳ ತೀರಾ ಅಪರಿಚಿತವೇನಲ್ಲ.

ಫಾರ್ ಸದಾ ಸರಿಯಾಗಿಯೇ ಇದ್ದನೆಂದಲ್ಲ. 1848-49ರ ಕಾಲರಾ ಲಂಡನ್ನಿನಲ್ಲಿ 14 ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಾಗ, ಥೇಮ್ಸ್ ನದಿಮಟ್ಟದಿಂದ ಮೇಲಿರುವ ಬಡಾವಣೆಗಳಲ್ಲಿ ಸಾವು ಕಡಿಮೆಯೆಂದು ಲೆಕ್ಕಹಾಕಿ ತೋರಿಸಿದ. ಅಂಕಿ ಸರಿಯಿತ್ತು, ತೀರ್ಮಾನ ತಪ್ಪಿತು. ತಗ್ಗಿನ ಕೆಟ್ಟ ಗಾಳಿಯೇ ಮುಖ್ಯ ಕಾರಣವೆಂದು ನಂಬಿದ. ಆದರೂ ನೀರನ್ನು ಶಂಕಿಸಿದ ಜಾನ್ ಸ್ನೋಗೆ 1854ರಲ್ಲಿ ತನ್ನ ಕಚೇರಿಯ ಸಾವಿನ ಪಟ್ಟಿಗಳನ್ನು ಒದಗಿಸಲು ಹಿಂಜರಿಯಲಿಲ್ಲ. ಸ್ನೋ 1858ರಲ್ಲಿ ತೀರಿಕೊಂಡ. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಮತ್ತೆ ಕಾಣಿಸಿಕೊಂಡಾಗ, ಅಲ್ಲಿಗೆ ನೀರು ಪೂರೈಸುತ್ತಿದ್ದ ಕಂಪನಿಯತ್ತ ಬೆರಳು ತೋರಿಸಿದವನು ಇದೇ ಫಾರ್. ತನ್ನದೇ ಸಿದ್ಧಾಂತವನ್ನು ತನ್ನದೇ ಕೋಷ್ಟಕಗಳ ಮುಂದೆ ಕೈಬಿಡುವ ಈ ಗುಣವನ್ನು ನಾನು ಆತನ ದೊಡ್ಡತನವೆಂದು ಎಣಿಸುತ್ತೇನೆ. ಕ್ರೈಮಿಯಾ ಯುದ್ಧದಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕ ಆಸ್ಪತ್ರೆಗಳ ಸಾವುಗಳನ್ನು ಸರ್ಕಾರದ ಮುಂದಿಡಲು ನೆಚ್ಚಿಕೊಂಡದ್ದೂ ಆತನ ಲೆಕ್ಕವನ್ನೇ.

1853ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ, ಎಲ್ಲ ದೇಶಗಳಿಗೂ ಒಪ್ಪುವ ಪಟ್ಟಿ ರಚಿಸಲು ಫಾರ್ ಮತ್ತು ಜಿನೀವಾದ ಮಾರ್ಕ್ ದೆಸ್ಪಿನ್ ಇಬ್ಬರನ್ನು ಕೇಳಿಕೊಂಡಿತು. ಎರಡು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಪಟ್ಟಿ ಹಿಡಿದು ಬಂದರು! ಸಮ್ಮೇಳನ ರಾಜಿ ಮಾಡಿ 139 ಶೀರ್ಷಿಕೆಗಳ ಪಟ್ಟಿಯೊಂದನ್ನು ಒಪ್ಪಿತು. ಅದು ಎಲ್ಲೆಡೆ ನಡೆಯಲಿಲ್ಲ. ಆದರೆ ಸಾಂಕ್ರಾಮಿಕಗಳು, ಇಡೀ ದೇಹಕ್ಕೆ ಸಂಬಂಧಿಸಿದ ರೋಗಗಳು, ಅಂಗಾಂಗಗಳಿಗೆ ತಕ್ಕಂತೆ ವಿಂಗಡಿಸಿದ ರೋಗಗಳು, ಬೆಳವಣಿಗೆಯ ದೋಷಗಳು, ಹಿಂಸೆ-ಅಪಘಾತಗಳು ಎಂಬ ಫಾರ್‌ನ ವಿಂಗಡಣೆಯ ತತ್ತ್ವ ಉಳಿಯಿತು. 1893ರಲ್ಲಿ ಜಾಕ್ ಬರ್ಟಿಲಾನ್ ಮಂಡಿಸಿದ ಪಟ್ಟಿಯ ಮೂಲಕ ಹರಿದು ಬಂದ ಈ ಕ್ರಮ, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಸೇರಿತು. ಸಾವಿನ ಜೊತೆಗೆ ಬದುಕಿರುವವರ ಕಾಯಿಲೆಗಳೂ ಆಗ ಅದರೊಳಗೆ ಬಂದವು. ಆಸ್ಪತ್ರೆಯ ಕೋಡರ್‌ಗಳ ಕೆಲಸ ಇಲ್ಲಿಂದ ವಿಸ್ತರಿಸಿತು. ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿ 1ರಿಂದ ಜಾರಿಗೆ ಬಂದಿದೆ.

ನಮ್ಮಲ್ಲಿ 1969ರ ಕಾಯಿದೆಯಡಿ ಸಾವಿನ ಕಾರಣವನ್ನು ವೈದ್ಯರು ದೃಢೀಕರಿಸುವ ವ್ಯವಸ್ಥೆಯಿದೆ. ಆದರೂ 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ಹಾಗೆ ದೃಢೀಕರಣಗೊಂಡವು ಶೇ 22.5 ಮಾತ್ರ. ದೃಢೀಕರಿಸಿದವುಗಳಲ್ಲೂ ಹೃದಯ ನಿಂತಿತು, ಉಸಿರು ನಿಂತಿತು ಎಂಬ ಬರಹ ಅಪರೂಪವಲ್ಲ. ಯಾರ ಹೃದಯ ತಾನೆ ನಿಲ್ಲದೆ ಸಾವು ಬಂದೀತು? ಇಂಥ ಚೀಟಿಗೆ ಎಷ್ಟೇ ನಿಪುಣ ಕೋಡರ್ ಕೂಡ ಸರಿಯಾದ ಸಂಕೇತ ಕೊಡಲಾರ.

ಫಾರ್‌ನ ಕೊನೆಯ ದಿನಗಳು ಸುಖದವಾಗಿರಲಿಲ್ಲ. ನೋಂದಣಿ ಇಲಾಖೆಯ ಮುಖ್ಯಸ್ಥನ ಹುದ್ದೆ ತೆರವಾದಾಗ ತನಗೆ ಅದು ಸಿಕ್ಕೀತೆಂದು ನಿರೀಕ್ಷಿಸಿದ್ದ. ಸರ್ಕಾರ ಅದನ್ನು ಸರ್ ಬ್ರಿಜಸ್ ಹೆನಿಕರ್‌ಗೆ ಕೊಟ್ಟಿತು. ಫಾರ್ 1880ರಲ್ಲಿ ರಾಜೀನಾಮೆಯಿತ್ತು ಹೊರನಡೆದ. 1883ರ ಏಪ್ರಿಲ್ 14ರಂದು ತೀರಿಕೊಂಡ.