ಬಿಸಿಲಿಗೆ ಹಿಗ್ಗದ ಲೋಹ ಹುಡುಕಿದ ಗಿಯೋಮ್

ಬೇಸಿಗೆಯಲ್ಲಿ ಕಬ್ಬಿಣದ ಗೇಟು ಬಿಗಿಯಾಗಿ ಚಿಲಕ ಕೂರಲ್ಲ ಅನ್ನೋದು ನಮ್ಮೂರಿನ ವೆಲ್ಡಿಂಗ್ ಅಂಗಡಿಯವರಿಗೆಲ್ಲ ಗೊತ್ತು. ಲೋಹ ಕಾದರೆ ಹಿಗ್ಗುತ್ತೆ. ಎಷ್ಟು ಹಿಗ್ಗುತ್ತೆ? ಒಂದು ಮೀಟರ್ ಕಬ್ಬಿಣದ ಸರಳು ಒಂದು ಡಿಗ್ರಿ ಬಿಸಿಯಾದರೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಹಿತ್ತಾಳೆ ಅದರ ಒಂದೂವರೆ ಪಟ್ಟಿಗೂ ಹೆಚ್ಚು. ಈ ಚಿಲ್ಲರೆ ಲೆಕ್ಕವನ್ನೇ ಅಳೆಯುತ್ತ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕಚೇರಿಯಲ್ಲಿ ಕೂತು ನೊಬೆಲ್ ಬಹುಮಾನ ತಗೊಂಡ ಒಬ್ಬ ಮನುಷ್ಯ ಇದ್ದ. ಹೆಸರು ಶಾರ್ಲ್ ಎದುವಾರ್ ಗಿಯೋಮ್.

ಗಿಯೋಮ್ ಹುಟ್ಟಿದ್ದು 1861ರ ಫೆಬ್ರವರಿ 15ರಂದು, ಸ್ವಿಟ್ಜರ್ಲೆಂಡಿನ ಫ್ಲೂರಿಯೆ ಎಂಬ ಊರಲ್ಲಿ. ಗಡಿಯಾರ ತಯಾರಿಸೋ ಸೀಮೆ ಅದು. ಮನೆತನದ ಕಸುಬೂ ಅದೇ. ತಾತ ಲಂಡನ್ನಿನಲ್ಲಿ ಗಡಿಯಾರದ ವ್ಯಾಪಾರ ನಡೆಸಿದವರು, ತಂದೆ ಊರಿಗೆ ಮರಳಿ ಬಂದು ಅದೇ ಕೆಲಸ ಮುಂದುವರಿಸಿದರು. ಹುಡುಗ ಜ್ಯೂರಿಕ್ಕಿನಲ್ಲಿ ಓದಿ ಡಾಕ್ಟರೇಟ್ ಪಡೆದ. ಸ್ವಲ್ಪ ದಿನ ಫಿರಂಗಿ ದಳದಲ್ಲೂ ಇದ್ದ. 1883ರಲ್ಲಿ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿರುವ ಅಂತಾರಾಷ್ಟ್ರೀಯ ತೂಕ ಅಳತೆ ಬ್ಯೂರೋಗೆ ಸಹಾಯಕನಾಗಿ ಸೇರಿದ.

ಈ ಬ್ಯೂರೋ ಅಂದ್ರೆ ಏನು ಅಂತ ನಮ್ಮ ಅಂಗಡಿಯವರಿಗೆ ಹೇಳಬೇಕು. ನಿಮ್ಮ ತಕ್ಕಡಿಗೆ, ಬೊಟ್ಟಿಗೆ ಇಲಾಖೆಯವರು ಬಂದು ಮುದ್ರೆ ಹಾಕ್ತಾರಲ್ಲ, ಆ ಸರಪಣಿಯ ಮೇಲಿನ ತುದಿ ಇದು. ಅಸಲಿ ಮೀಟರು, ಅಸಲಿ ಕಿಲೋ ಇಟ್ಟಿದ್ದು ಇಲ್ಲೇ. ಎರಡೂ ಪ್ಲಾಟಿನಂ ಮತ್ತು ಇರಿಡಿಯಂ ಬೆರಕೆಯವು, ಬಲು ದುಬಾರಿ. ಪ್ರತಿ ದೇಶದ ಪ್ರಯೋಗಾಲಯಕ್ಕೂ ಒಳ್ಳೆ ಅಳತೆಕೋಲು ಬೇಕು, ಆದರೆ ಪ್ಲಾಟಿನಂ ಕೊಳ್ಳೋ ಶಕ್ತಿ ಎಲ್ಲರಿಗೂ ಎಲ್ಲಿಂದ ಬರಬೇಕು? ಅಗ್ಗದ ಲೋಹದಲ್ಲಿ ನಂಬಿಕೆಯ ಕೋಲು ಮಾಡಬಹುದಾ ಅಂತ ಗಿಯೋಮ್ ಹುಡುಕಾಟ ಶುರುವಾಯ್ತು.

ಅಳೆಯೋ ವಿಧಾನ ಕೇಳೋಕೆ ಸರಳ. ಸರಳನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಎರಡು ತುದಿಯ ಗೆರೆಗಳ ಮೇಲೆ ಒಂದೊಂದು ಸೂಕ್ಷ್ಮದರ್ಶಕ ನಿಲ್ಲಿಸೋದು. ನೀರು ಬಿಸಿ ಮಾಡಿದಂತೆ ಗೆರೆ ಎಷ್ಟು ಜರುಗಿತು ನೋಡಿ, ಗುರುತಿರುವ ಕೋಲಿನ ಜತೆ ಹೋಲಿಸೋದು. ಕಷ್ಟ ಇರೋದು ತಾಳ್ಮೆಯಲ್ಲಿ. ಹತ್ತಿರ ನಿಂತವನ ಮೈ ಶಾಖವೂ ಲೆಕ್ಕ ಕೆಡಿಸಬಲ್ಲದು. ಥರ್ಮಾಮೀಟರೇ ಸುಳ್ಳು ಹೇಳಿದರೆ ಇಡೀ ಕೆಲಸ ನೀರುಪಾಲು. ಅದಕ್ಕೇ ಗಿಯೋಮ್ ಮೊದಲ ವರ್ಷಗಳನ್ನು ಪಾದರಸದ ಥರ್ಮಾಮೀಟರಿನ ದೋಷ ತಿದ್ದೋದಕ್ಕೇ ಕೊಟ್ಟಿದ್ದ.

1896ರಲ್ಲಿ ಬ್ಯೂರೋಗೆ ಒಂದು ಉಕ್ಕಿನ ಸರಳು ಬಂತು. ಅದರಲ್ಲಿ ಶೇ. 30ರಷ್ಟು ನಿಕ್ಕಲ್. ಅಳೆದು ನೋಡಿದರೆ ಪ್ಲಾಟಿನಂಗಿಂತ ಮೂರನೇ ಒಂದು ಭಾಗ ಕಡಿಮೆ ಹಿಗ್ಗುತ್ತಿದೆ! ಕಬ್ಬಿಣವೂ ಹಿಗ್ಗುತ್ತೆ, ನಿಕ್ಕಲ್ಲೂ ಹಿಗ್ಗುತ್ತೆ, ಎರಡೂ ಸೇರಿದರೆ ಕಡಿಮೆ ಹೇಗೆ? ಬೇರೆಯವರಾಗಿದ್ದರೆ ಅಳತೆ ತಪ್ಪಿರಬೇಕು ಅಂತ ಬಿಟ್ಟುಬಿಡುತ್ತಿದ್ದರೇನೋ. ಗಿಯೋಮ್ ಬಿಡಲಿಲ್ಲ. ನಿಕ್ಕಲ್ ಪ್ರಮಾಣ ಬದಲಿಸಿ ಬದಲಿಸಿ ಸರಳು ಎರಕ ಹಾಕಿಸಬೇಕು, ಅದಕ್ಕೆ ಬ್ಯೂರೋದಲ್ಲಿ ಅನುಕೂಲ ಇರಲಿಲ್ಲ. ನೆರವಿಗೆ ಬಂದದ್ದು ಆಂಫಿ ಊರಿನ ಉಕ್ಕಿನ ಕಾರ್ಖಾನೆ. ಅದರ ಕಂಪನಿಯ ಮುಖ್ಯಸ್ಥ ಆನ್ರಿ ಫೇಯೋಲ್. ಬಿ.ಕಾಂ. ಓದಿದವರು 14 ತತ್ವ ಬಾಯಿಪಾಠ ಮಾಡಿರ್ತಾರಲ್ಲ, ಅದೇ ಫೇಯೋಲ್!

ಒಂದೊಂದೇ ಸರಳು ಅಳೆಯುತ್ತ ಹೋದಾಗ ನಿಕ್ಕಲ್ ಸುಮಾರು ಶೇ. 36 ಇರೋ ಕಡೆ ಹಿಗ್ಗುವಿಕೆ ತಳ ಕಂಡಿತು. ಕಬ್ಬಿಣದ ಹತ್ತನೇ ಒಂದು ಪಾಲು ಅಷ್ಟೇ. ಇದಕ್ಕೆ ಇನ್ವಾರ್ ಅಂತ ಹೆಸರಾಯ್ತು, ಅಂದರೆ ಬದಲಾಗದ್ದು. ಗುಟ್ಟು ಇರೋದು ಅದರ ಕಾಂತಗುಣದಲ್ಲಿ: ಬಿಸಿ ಏರಿದಂತೆ ಕಾಂತಗುಣ ಕುಗ್ಗಿ ಲೋಹವನ್ನು ಒಳಕ್ಕೆ ಎಳೆಯುತ್ತೆ, ಶಾಖ ಹೊರಕ್ಕೆ ತಳ್ಳುತ್ತೆ. ಎರಡೂ ಹೆಚ್ಚುಕಡಿಮೆ ವಜಾ.

ಇದರಿಂದ ಯಾರಿಗೆ ಲಾಭ? ಮೊದಲು ಭೂಮಿ ಅಳೆಯೋರಿಗೆ. ನಮ್ಮ ಬೆಂಗಳೂರಿನ ಬಳಿಯೇ 1800ರಲ್ಲಿ ಲ್ಯಾಂಬ್ಟನ್ ಏಳು ಮೈಲಿಗೂ ಹೆಚ್ಚು ಉದ್ದದ ಗೆರೆಯನ್ನು ಉಕ್ಕಿನ ಸರಪಳಿಯಲ್ಲಿ ಅಳೆದಿದ್ದ, ಸರಪಳಿಯ ಪಕ್ಕ ಥರ್ಮಾಮೀಟರ್ ಇಟ್ಟುಕೊಂಡು. ಹತ್ತು ಡಿಗ್ರಿ ಲೆಕ್ಕ ತಪ್ಪಿದರೆ ಅಷ್ಟು ದೂರಕ್ಕೆ ಒಂದು ಮೀಟರಿಗೂ ಮೀರಿ ವ್ಯತ್ಯಾಸ. ಇನ್ವಾರ್ ತಂತಿ ಬಂದ ಮೇಲೆ ಆ ತಲೆನೋವು ಬಹುಪಾಲು ಹೋಯ್ತು. 1906ರಲ್ಲಿ ಆಲ್ಪ್ಸ್ ಪರ್ವತದ ಸಿಂಪ್ಲಾನ್ ಸುರಂಗದ 20 ಕಿ.ಮೀ. ಉದ್ದವನ್ನು ಐದೇ ದಿನದಲ್ಲಿ ಅಳೆದರು. ಐಫೆಲ್ ಗೋಪುರ ಬಿಸಿಲಿಗೆ ಎಷ್ಟು ಏರಿಳಿಯುತ್ತೆ ಅನ್ನೋದನ್ನೂ ಗಿಯೋಮ್ ಇದೇ ತಂತಿ ಕಟ್ಟಿ ನೋಡಿದ.

ಆಮೇಲೆ ಗಡಿಯಾರ. ಉಕ್ಕಿನ ಲೋಲಕ ಒಂದು ಡಿಗ್ರಿಗೆ ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತಿತ್ತು, ಇನ್ವಾರ್ ಅದನ್ನು ಹತ್ತನೇ ಒಂದಕ್ಕೆ ಇಳಿಸಿತು. ಕೈಗಡಿಯಾರದ ಸ್ಪ್ರಿಂಗಿನ ಸಮಸ್ಯೆ ಬೇರೆ, ಶಾಖಕ್ಕೆ ಅದರ ಬಿಗುವೇ ಸಡಿಲಾಗಿ ದಿನಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು ತಪ್ಪುತ್ತಿತ್ತು. ಅದಕ್ಕೆ ಕ್ರೋಮಿಯಂ ಬೆರೆಸಿ ಎಲಿನ್ವಾರ್ ಎಂಬ ಇನ್ನೊಂದು ಲೋಹ ಮಾಡಿದ. ಅಪ್ಪನ ಕಸುಬಿಗೆ ಮಗ ಕೊಟ್ಟ ಕೊಡುಗೆ ಅಂತ ಬೇಕಾದರೆ ಅನ್ನಿ. ಬಲ್ಬಿನ ಗಾಜಿನೊಳಗೆ ಪ್ಲಾಟಿನಂ ತಂತಿಯ ಬದಲು ಅಗ್ಗದ ನಿಕ್ಕಲ್ ಉಕ್ಕು ಬಂದದ್ದೂ ಈ ಹುಡುಕಾಟದಿಂದಲೇ.

ಆದರೆ ಯಾವ ಕೆಲಸಕ್ಕೆ ಹೊರಟಿದ್ದನೋ ಅದೊಂದು ಪೂರ್ತಿ ಕೈಗೂಡಲಿಲ್ಲ. ಇನ್ವಾರ್ ಕೋಲು ಬಿಸಿಲಿಗೆ ಬಗ್ಗದಿದ್ದರೂ ವರ್ಷ ಕಳೆದಂತೆ ತಾನಾಗಿ ಕೂದಲೆಳೆಗಿಂತ ಕಡಿಮೆ ಅಷ್ಟಷ್ಟೇ ಬೆಳೆಯುತ್ತಿತ್ತು. ಇದನ್ನು ಕಂಡುಹಿಡಿದು ಜಗತ್ತಿಗೆ ಹೇಳಿದ್ದೂ ಗಿಯೋಮೇ. ಹಾಗಾಗಿ ಅಸಲಿ ಮೀಟರಿನ ಪಟ್ಟ ಪ್ಲಾಟಿನಂ ಕೋಲಿಗೇ ಉಳಿಯಿತು. ತನ್ನ ಮಾಲಿನ ಕೊರತೆಯನ್ನು ತಾನೇ ತೂಗಿ ಹೇಳೋ ಇಂಥವರು ಅಪರೂಪ.

1915ರಲ್ಲಿ ಬ್ಯೂರೋದ ನಿರ್ದೇಶಕನಾದ. 1920ರ ಭೌತಶಾಸ್ತ್ರ ನೊಬೆಲ್ ಬಂದಾಗ ಹುಬ್ಬೇರಿಸಿದವರೂ ಇದ್ದರು, ಯಾಕಂದ್ರೆ ಐನ್‌ಸ್ಟೈನ್‌ಗೆ ಇನ್ನೂ ಬಂದಿರಲಿಲ್ಲ. ಅವರಿಗೆ ಸಂದದ್ದು 1921ರದ್ದು. 1936ರವರೆಗೂ ಗಿಯೋಮ್ ಕುರ್ಚಿ ಬಿಡಲಿಲ್ಲ, 1938ರಲ್ಲಿ ಸೆವ್ರ್‌ನಲ್ಲೇ ತೀರಿಕೊಂಡ. ಅನಿಲವನ್ನು ಮೈನಸ್ 160 ಡಿಗ್ರಿಗೂ ಕೆಳಗೆ ತಣ್ಣಗಿಟ್ಟು ಸಾಗಿಸೋ ಹಡಗುಗಳ ಟ್ಯಾಂಕಿನ ಒಳಮೈಗೆ ಇವತ್ತೂ ಇನ್ವಾರ್ ತಗಡು ಹೊದಿಸ್ತಾರೆ.