ಸುರಪುರದ ಟೇಲರ್: ಸೈನಿಕನೊಬ್ಬ ಗುರುವಾದ ಬಗೆ

ಸುರಪುರ ಸಂಸ್ಥಾನದ ಕೊನೆಯ ದಿನಗಳ ಇತಿಹಾಸದಲ್ಲಿ ಎರಡು ಹೆಸರುಗಳು ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿಯೆತ್ತಿದ ನಾಲ್ವಡಿ ವೆಂಕಟಪ್ಪ ನಾಯಕನದು ಒಂದು. ಅದೇ ಅರಸನನ್ನು ಬಾಲ್ಯದಿಂದ ಬೆಳೆಸಿದ ಫಿಲಿಪ್ ಮೆಡೋಸ್ ಟೇಲರನದು ಇನ್ನೊಂದು. ಸೈನಿಕ, ಪೊಲೀಸ್ ಅಧಿಕಾರಿ, ಪತ್ರಿಕೆಯ ಬಾತ್ಮೀದಾರ, ಕಾದಂಬರಿಕಾರ, ಕೆರೆಕಟ್ಟೆಗಳ ನಿರ್ಮಾಪಕ, ಪ್ರಾಚ್ಯವಸ್ತು ಸಂಶೋಧಕ ಎಂಬ ಹಲವು ರೂಪಗಳಲ್ಲಿ ಬಾಳಿದ ಟೇಲರನನ್ನು ಕನ್ನಡ ನಾಡು ಇಂದಿಗೂ ನೆನೆಯುವುದು ಮುಖ್ಯವಾಗಿ ಆ ಬಾಲಕನ ಪೋಷಕನೆಂಬ ಕಾರಣಕ್ಕೆ.

ಟೇಲರನು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಮನೆಯ ಸ್ಥಿತಿ ಇಳಿಮುಖವಾದ್ದರಿಂದ ಹದಿನೈದನೆಯ ವಯಸ್ಸಿನಲ್ಲಿಯೇ ಹಡಗು ಹತ್ತಿ, 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದನು. ಆದರೆ ಆ ವ್ಯಾಪಾರದಲ್ಲಿ ಹುರುಳಿರಲಿಲ್ಲ. ಅದೇ ವರ್ಷ ಬಂಧುವೊಬ್ಬನ ನೆರವಿನಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ದೊರೆಯಿತು. ಶಾಲೆಯ ಓದು ಅರ್ಧಕ್ಕೇ ನಿಂತ ಈ ತರುಣನು ಮುಂದೆ ಕಲಿತದ್ದೆಲ್ಲವೂ ಸ್ವಪ್ರಯತ್ನದಿಂದ. ಈ ನೆಲದ ಭಾಷೆಗಳನ್ನು ಕಲಿತನು. ಕಾನೂನು, ಭೂಮಾಪನ, ಕಟ್ಟಡವಿದ್ಯೆ, ಸಸ್ಯಶಾಸ್ತ್ರ, ಭೂವಿಜ್ಞಾನಗಳನ್ನು ಬಿಡುವಿನ ವೇಳೆಯಲ್ಲಿ ಸಾಧಿಸಿಕೊಂಡನು. ತಾನೇ ತನಗೆ ಗುರುವಾದ ಈ ಅಭ್ಯಾಸವು ಮುಂದಿನ ಕೆಲಸಗಳಿಗೆಲ್ಲ ಬುನಾದಿಯಾಯಿತು.

ಸೈನ್ಯದಿಂದ ಪೊಲೀಸ್ ಕೆಲಸಕ್ಕೆ ನಿಯುಕ್ತನಾದಾಗ ದಾರಿಹೋಕರ ನಿಗೂಢ ಕೊಲೆಗಳ ಸುಳಿವು ಹಿಡಿದು ಹೊರಟನು. ತನಿಖೆ ಪೂರ್ಣವಾಗುವ ಮೊದಲೇ ಅವನನ್ನು ಮರಳಿ ದಂಡಿಗೆ ಕರೆಸಿಕೊಳ್ಳಲಾಯಿತು. ಠಕ್ಕರ ಜಾಲವನ್ನು ಬಯಲಿಗೆಳೆದ ಕೀರ್ತಿ ಸ್ಲೀಮನ್‌ನಿಗೆ ಸಂದಿತು. ಆದರೆ ಆ ಅನುಭವವೇ 1839ರಲ್ಲಿ ಪ್ರಕಟವಾದ ಅವನ ಮೊದಲ ಕಾದಂಬರಿ ‘ಕನ್ಫೆಶನ್ಸ್ ಆಫ್ ಎ ಥಗ್’ಗೆ ವಸ್ತುವಾಯಿತು. ಆ ಕೃತಿ ಇಂಗ್ಲೆಂಡಿನಲ್ಲಿ ಅವನಿಗೆ ಹೆಸರು ತಂದಿತು. ಮರುವರ್ಷದಿಂದ 1853ರವರೆಗೆ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರನೂ ಆಗಿದ್ದನು.

1840ರ ದಶಕದ ಆರಂಭದಲ್ಲಿ ಟೇಲರನನ್ನು ಸುರಪುರಕ್ಕೆ ಕಳುಹಿಸಲಾಯಿತು. ಬೇಡ ನಾಯಕರ ಈ ಸಂಸ್ಥಾನ ಆಗ ಸಂಕಟದಲ್ಲಿತ್ತು. ರಾಜಾ ಕೃಷ್ಣಪ್ಪ ನಾಯಕನ ಮರಣಾನಂತರ ಉತ್ತರಾಧಿಕಾರಿಯಾಗಿ ಉಳಿದವನು ಚಿಕ್ಕ ಬಾಲಕ ವೆಂಕಟಪ್ಪ. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕ. ನಡುವೆ ಬರಿದಾದ ಬೊಕ್ಕಸ ಮತ್ತು ನಿಜಾಮ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ. ಇವೆಲ್ಲವನ್ನೂ ಸಂಭಾಳಿಸುತ್ತ ಬಾಲಕನು ಪ್ರಾಯಕ್ಕೆ ಬರುವವರೆಗೆ ಆಡಳಿತ ನಡೆಸುವ ಹೊಣೆ ಟೇಲರನ ಮೇಲೆ ಬಿದ್ದಿತು. ಇಲ್ಲಿ ಕಳೆದ ಹನ್ನೊಂದು ಹನ್ನೆರಡು ವರ್ಷಗಳಲ್ಲಿ ಅವನು ಕಂದಾಯವನ್ನು ಸರಿದಾರಿಗೆ ತಂದನು. ಹಿಂದಿನ ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು ಹಿಗ್ಗಿಸಿ ಬಲಪಡಿಸಿದನು. ಇಂದು ಪಕ್ಷಿಗಳ ಬೀಡಾಗಿ ಹೆಸರಾಗಿರುವ ಕೆರೆ ಅದೇ. ಜೇವರ್ಗಿ, ರಾಜನಕೋಳೂರು ಮೊದಲಾದೆಡೆಗಳ ಬೃಹತ್ ಶಿಲಾಸಮಾಧಿಗಳನ್ನು ಅಳೆದು, ಅಗೆದು, ಯುರೋಪಿನ ಅಂತಹವೇ ಸಮಾಧಿಗಳೊಡನೆ ಹೋಲಿಸಿ ಲೇಖನಗಳನ್ನು ಬರೆದನು. ಕನ್ನಡ ನಾಡಿನ ಪ್ರಾಗಿತಿಹಾಸದ ಅಧ್ಯಯನದಲ್ಲಿ ಇವು ಮೊದಮೊದಲ ಹೆಜ್ಜೆಗಳು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಎಂದೇ ಪ್ರಸಿದ್ಧವಾಗಿದೆ.

ಈ ಎಲ್ಲ ಕಾರ್ಯಗಳ ನಡುವೆ ಅವನ ಮನಸ್ಸನ್ನು ಹೆಚ್ಚು ತುಂಬಿದ್ದುದು ಬಾಲಕನ ಶಿಕ್ಷಣ. 1844ರಲ್ಲಿ ಪತ್ನಿ ಮೇರಿ ಪಾಮರ್ ತೀರಿಕೊಂಡಳು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದರು. ಒಂಟಿಯಾಗಿ ಉಳಿದ ಟೇಲರನಿಗೆ ವೆಂಕಟಪ್ಪನು ಮಗನಂತಾದನು. ಬಾಲಕನೂ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. 1853ರಲ್ಲಿ ಪ್ರಾಯಕ್ಕೆ ಬಂದ ಶಿಷ್ಯನಿಗೆ ರಾಜ್ಯವನ್ನು ಒಪ್ಪಿಸಿ ಟೇಲರನು ಸುರಪುರವನ್ನು ಬಿಟ್ಟನು.

ಅಲ್ಲಿಂದ ಅವನು ಹೋದದ್ದು ಮರಾಠಿ ಸೀಮೆಯ ನಳದುರ್ಗಕ್ಕೆ. ಆಗಷ್ಟೇ ನಿಜಾಮನಿಂದ ಕಂಪನಿಯ ಕೈಗೆ ಬಂದಿದ್ದ ಆ ಜಿಲ್ಲೆಯಲ್ಲಿ ಭೂಮಾಪನ ಮತ್ತು ಕಂದಾಯ ವ್ಯವಸ್ಥೆಯನ್ನು ಅವನು ಕಟ್ಟಿದನು. ತುಳಜಾಪುರದ ಭವಾನಿ ಕ್ಷೇತ್ರ, ವಿಜಾಪುರದ ಆದಿಲಶಾಹಿ, ಶಿವಾಜಿ ಮತ್ತು ಅಫಜಲಖಾನರ ಕಥೆಗಳು ಮುಂದೆ 1863ರಲ್ಲಿ ಬಂದ ‘ತಾರಾ’ ಕಾದಂಬರಿಯಲ್ಲಿ ಒಂದಾದವು. ಜನರು ಅವನನ್ನು ಮಹಾದೇವ ಬಾಬಾ ಎಂದು ಕರೆಯುವಷ್ಟು ಹಚ್ಚಿಕೊಂಡಿದ್ದರು. 1857ರ ಬಂಡಾಯದ ಕಾಲದಲ್ಲಿ ಬೆರಾರಿನ ಬುಲಢಾಣೆಗೆ ವರ್ಗವಾದಾಗ ಸೈನ್ಯದ ಬೆಂಬಲವಿಲ್ಲದೆಯೇ ಅಲ್ಲಿ ಶಾಂತಿಯನ್ನು ಕಾಪಾಡಿದನು.

ಆದರೆ ಅಶಾಂತಿ ಸಿಡಿದದ್ದು ಅವನು ಬೆಳೆಸಿದ ಸುರಪುರದಲ್ಲಿಯೇ. 1858ರ ಫೆಬ್ರವರಿಯಲ್ಲಿ ಬೇಡ ಪಡೆ ಬ್ರಿಟಿಷ್ ಶಿಬಿರದ ಮೇಲೆ ಎರಗಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಹೆಚ್ಚಿನ ಸೈನ್ಯ ಬರುತ್ತಿರಲು ಅರಸನು ಹೈದರಾಬಾದಿಗೆ ಸರಿದು ಅಲ್ಲಿ ಸೆರೆಯಾದನು. ಸಿಕಂದರಾಬಾದಿನ ಸೆರೆಯಲ್ಲಿ ಗುರುಶಿಷ್ಯರ ಭೇಟಿಯಾಯಿತು. ದಂಗೆಗೆ ಪ್ರೇರೇಪಿಸಿದವರ ಹೆಸರನ್ನು ಹೇಳಿದರೆ ಅರಸನಿಗೆ ಅನುಕೂಲವಾಗಬಹುದೆಂಬ ಇಂಗಿತ ಅಧಿಕಾರಿಗಳಿಗಿತ್ತು. ವೆಂಕಟಪ್ಪನು ಹೇಳಲಿಲ್ಲ. ತನ್ನವರನ್ನು ಹಿಡಿದುಕೊಟ್ಟು ಬದುಕುವುದಕ್ಕಿಂತ ಫಿರಂಗಿಯ ಬಾಯಿಗೆ ಎದೆಯೊಡ್ಡುವುದು ಲೇಸೆಂಬ ನಿಲುವು ಅವನದಾಗಿತ್ತು. ನೇಣಿನ ಅವಮಾನವೊಂದನ್ನು ಮಾತ್ರ ಅವನು ಬೇಡವೆಂದನು. ಸರ್ಕಾರದ ಸೇವಕನಾದ ಗುರುವು ಈ ಮೌನವನ್ನು ಮುರಿಯಲಾರದೆ ಹೋದನು. ಅದರ ಘನತೆಯನ್ನು ಮಾತ್ರ ತನ್ನ ಆತ್ಮಕಥೆಯಲ್ಲಿ ಮರೆಮಾಚದೆ ದಾಖಲಿಸಿದನು.

ಮರಣದಂಡನೆ ಜೀವಾವಧಿ ಗಡಿಪಾರಿಗೆ, ಅದು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸನು ಬಲಿಯಾದನು. ಅದು ಆತ್ಮಾರ್ಪಣೆಯೋ ಆಕಸ್ಮಿಕವೋ ಎಂಬುದು ತೀರ್ಮಾನವಾಗಲಿಲ್ಲ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ರಾಜನಿಗೆ ಕಂಟಕವಿದೆಯೆಂದು ಜಾತಕ ಬರೆದವರು ಹೇಳಿದ್ದರೆಂಬ ಸಂಗತಿಯನ್ನು ಟೇಲರನು ಮೊದಲೇ ಬಲ್ಲವನಾಗಿದ್ದನು. ಶಿಷ್ಯನಿಲ್ಲದ ಸುರಪುರದ ಆಡಳಿತಕ್ಕೆ ಅವನನ್ನೇ ಮರಳಿ ನೇಮಿಸಲಾಯಿತು. 1860ರಲ್ಲಿ ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಡಲಾಯಿತು. ಅದೇ ವರ್ಷ ದೇಹಾರೋಗ್ಯ ಕೆಟ್ಟು ಟೇಲರನು ಭಾರತವನ್ನು ಬಿಟ್ಟನು.

ಉಳಿದ ಬದುಕನ್ನು ಅವನು ಬರವಣಿಗೆಗೆ ಮೀಸಲಿಟ್ಟನು. ‘ರಾಲ್ಫ್ ಡಾರ್ನೆಲ್’, ‘ಸೀತಾ’ ಕಾದಂಬರಿಗಳೂ 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಬರೆದ ಭಾರತದ ಇತಿಹಾಸವೂ ಈ ಕಾಲದವು. ದೃಷ್ಟಿ ಮಂದವಾಗುತ್ತಿದ್ದರೂ 1875ರಲ್ಲಿ ಹೈದರಾಬಾದಿಗೆ ಮತ್ತೊಮ್ಮೆ ಬಂದುಹೋದನು. ಮರಳುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮೆಂತೋನ್ ಪಟ್ಟಣದಲ್ಲಿ ನಿಧನನಾದನು. ಮರುವರ್ಷ ಅವನ ಆತ್ಮಕಥೆಯನ್ನು ಮಗಳು ಆಲಿಸ್ ಸಂಪಾದಿಸಿ ಪ್ರಕಟಿಸಿದಳು.

ಈ ಗುರುಶಿಷ್ಯ ಸಂಬಂಧದ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹುಪಾಲು ಆ ಆತ್ಮಕಥೆಯಿಂದಲೇ ಬಂದದ್ದು. ವೆಂಕಟಪ್ಪ ನಾಯಕನಿಗೆ ತನ್ನ ಕಥೆಯನ್ನು ಬರೆದಿಡುವ ಅವಕಾಶ ದೊರೆಯಲಿಲ್ಲ. ಆದ್ದರಿಂದ ವಿದ್ಯಾರ್ಥಿಗಳು ಟೇಲರನನ್ನು ಓದುವಾಗ ಎರಡು ಎಚ್ಚರಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು. ಅವನ ಪ್ರೀತಿ ನಿಜವಾದದ್ದು. ಅವನು ಕಟ್ಟಿದ ಕೆರೆಯ ನೀರಿನಷ್ಟೇ ನಿಜವಾದದ್ದು. ಆದರೆ ಅವನು ಕಲಿಸಲು ಬಯಸಿದ್ದು ಪರರ ಅಧೀನದಲ್ಲಿ ಚೆನ್ನಾಗಿ ಆಳುವುದನ್ನು. ಅಧೀನತೆಯನ್ನೇ ಒಲ್ಲೆನೆಂದ ಶಿಷ್ಯನ ಮನಸ್ಸನ್ನು ಅರಿಯಬೇಕಾದರೆ ಆ ಪುಸ್ತಕದ ಆಚೆಗೆ, ಸುರಪುರದ ಜನರ ನೆನಪುಗಳ ಕಡೆಗೂ ಹೋಗಬೇಕಾಗುತ್ತದೆ.