ಮಂಗಳೂರಿನ ಗೋಡೆಗಳಲ್ಲಿ ಉಳಿದ ಬ್ರದರ್ ಮೊಸ್ಕೇನಿ

ಭೀಮಾ ತೀರದ ಸೊನ್ನ, ಅಫಜಲಪುರ, ಜೇವರ್ಗಿ ಕಡೆಯಿಂದ ಓದಿಗೆಂದೋ ದುಡಿಮೆಗೆಂದೋ ಮಂಗಳೂರಿಗೆ ಹೋದವರು ಲೈಟ್‌ಹೌಸ್ ಹಿಲ್ ಏರಿದಾಗ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಚಾಪೆಲ್ ಎದುರಾಗುತ್ತದೆ. ಒಳಗೆ ಕಾಲಿಟ್ಟೊಡನೆ ಗೋಡೆ, ಕಮಾನು, ಚಾವಣಿ ಎಲ್ಲೆಲ್ಲೂ ಚಿತ್ರಗಳೇ. ಅವುಗಳನ್ನು ಬರೆದವರು ಇಟಲಿಯ ಜೆಸ್ವಿಟ್ ಬ್ರದರ್ ಅಂಟೋನಿಯೊ ಮೊಸ್ಕೇನಿ.

ಮೊಸ್ಕೇನಿ ಜನಿಸಿದ್ದು 1854ರ ಜನವರಿಯಲ್ಲಿ, ಉತ್ತರ ಇಟಲಿಯ ಬೆರ್ಗಾಮೊ ನಗರದ ಸಮೀಪದ ಸ್ಟೆಜ್ಜಾನೊ ಎಂಬ ಊರಿನಲ್ಲಿ. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಅವರ ಚಿತ್ರಾಭ್ಯಾಸ ನಡೆಯಿತು. ಜನಸಾಮಾನ್ಯರ ನಿತ್ಯದ ಭಕ್ತಿಯನ್ನು ಚಿತ್ರಿಸುವ ಒಲವು ಆಗ ಇಟಲಿಯ ಕಲಾವಿದರಲ್ಲಿ ಬಲವಾಗಿತ್ತು. ಮೊಸ್ಕೇನಿಗಿಂತ ಎರಡು ವರ್ಷಕ್ಕೂ ಹೆಚ್ಚು ಹಿರಿಯರಾದ ಫ್ರಾನ್ಸೆಸ್ಕೊ ಪಾವೊಲೊ ಮಿಕೆಟ್ಟಿ 1883ರಲ್ಲಿ ರಚಿಸಿದ 'ಹರಕೆ' ಎಂಬ ಬೃಹತ್ ಚಿತ್ರದಲ್ಲಿ, ರೈತಾಪಿ ಜನರು ಸಂತನ ಬೆಳ್ಳಿಯ ಮೂರ್ತಿಯತ್ತ ನೆಲದ ಮೇಲೆ ತೆವಳುತ್ತಾ ಸಾಗುತ್ತಾರೆ. ಉರುಳು ಸೇವೆ ಕಂಡ ನಮ್ಮವರಿಗೆ ಆ ದೃಶ್ಯ ಅಪರಿಚಿತವಲ್ಲ.

ಮಿಕೆಟ್ಟಿಯ ಚಿತ್ರಗಳು ಪ್ರದರ್ಶನಗಳಿಗೆ ಹೋದವು, ಕೀರ್ತಿ ತಂದವು. ಮೊಸ್ಕೇನಿ ಹಿಡಿದದ್ದು ಬೇರೆ ದಾರಿ. 1889ರಲ್ಲಿ ಅವರು ಜೆಸ್ವಿಟ್ ಸಂಘವನ್ನು ಸೇರಿದರು. ಗುರುದೀಕ್ಷೆ ಪಡೆಯದೆ ಬ್ರದರ್ ಆಗಿಯೇ ಉಳಿದರು. ಅಲ್ಲಿಂದ ಮುಂದೆ ಕುಂಚವು ಅವರ ಜೀವನೋಪಾಯವಾಗಿ ಉಳಿಯದೆ, ಸಂಘವು ಕಳುಹಿಸಿದೆಡೆಯಲ್ಲಿ ಸಲ್ಲಿಸುವ ಸೇವೆಯಾಯಿತು.

ಮಂಗಳೂರಿನ ಮಿಷನ್ ಹೊಣೆಯನ್ನು ಇಟಲಿಯ ಜೆಸ್ವಿಟರು 1878ರ ಕೊನೆಯಲ್ಲಿ ವಹಿಸಿಕೊಂಡು 1880ರಲ್ಲಿ ಕಾಲೇಜನ್ನು ಸ್ಥಾಪಿಸಿದ್ದರು. ಅದರ ಚಾಪೆಲ್ ಅನ್ನು ಅಲಂಕರಿಸಲು ಬಂದ ಮೊಸ್ಕೇನಿ 1899ರಲ್ಲಿ ಕೆಲಸಕ್ಕೆ ತೊಡಗಿದರು. ಗೋಡೆಗಳಿಗೆ ಅವರು ಆರಿಸಿಕೊಂಡದ್ದು ಫ್ರೆಸ್ಕೊ ವಿಧಾನ. ಇದರಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಸುಣ್ಣವು ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಂದು ಬಳಿದ ಗಾರೆಯ ಮೇಲಿನ ಚಿತ್ರವನ್ನು ಅಂದೇ ಮುಗಿಸಬೇಕು. ತಪ್ಪಿದರೆ ಗಾರೆಯನ್ನೇ ಕೆರೆದು ತೆಗೆಯಬೇಕು. ಚಾವಣಿಗೆ ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳನ್ನು ಬಳಸಿದರು. ಕರಾವಳಿಯ ಸೆಕೆ, ತೇವಗಳ ನಡುವೆ ಸುಮಾರು ಎರಡು ವರ್ಷ ಈ ಕಾಯಕ ನಡೆಯಿತು.

ಚಿತ್ರಗಳ ಮುಖ್ಯ ವಸ್ತು ಸಂತ ಅಲೋಶಿಯಸ್ ಗೊನ್ಜಾಗರ ಬದುಕು. ಅರಸು ಮನೆತನದ ಹಕ್ಕನ್ನು ತೊರೆದು ಸನ್ಯಾಸಿಯಾದ ಆ ತರುಣ, ರೋಮ್ ನಗರದಲ್ಲಿ ಪಿಡುಗು ಹರಡಿದಾಗ ರೋಗಿಗಳ ಆರೈಕೆಗೆ ನಿಂತು, ತಾನೂ ರೋಗಕ್ಕೆ ತುತ್ತಾಗಿ 1591ರಲ್ಲಿ ತೀರಿಕೊಂಡ. ಆಗ ಆತನಿಗೆ 23 ವರ್ಷ. ಬಾಲಕನು ಮೊದಲ ಪರಮಪ್ರಸಾದ ಸ್ವೀಕರಿಸುವುದು, ಪಿಡುಗಿನಿಂದ ಬಿದ್ದವರನ್ನು ಉಪಚರಿಸುವುದು ಇಲ್ಲಿ ಚಿತ್ರಗಳಾಗಿವೆ. ಪವಾಡಗಳಿಗಿಂತ ಮನುಷ್ಯರ ಕೈಗೆಟಕುವ ಭಕ್ತಿ ಮತ್ತು ಸೇವೆಯೇ ಅವುಗಳಲ್ಲಿ ಎದ್ದು ಕಾಣುತ್ತದೆ.

ಆ ದೃಶ್ಯಗಳು ಅಂದಿನ ನೋಡುಗರಿಗೆ ಕೇವಲ ಹಳೆಯ ಕಥೆಯಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ವೇಳೆಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ತಲುಪಿತ್ತು. ಜನರು ಊರು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ರೋಗಿಯನ್ನು ಮುಟ್ಟಲು ಮನೆಯವರೇ ಅಂಜುತ್ತಿದ್ದ ದಿನಗಳಲ್ಲಿ, ಅಂಜದೆ ಮುಟ್ಟಿದವನ ಚಿತ್ರ ಗೋಡೆಯ ಮೇಲೆ ಮೂಡಿತು.

ಮಂಗಳೂರಿನ ಬಳಿಕ ಮೊಸ್ಕೇನಿಯವರ ಕುಂಚ ಪಶ್ಚಿಮ ಕರಾವಳಿಯ ಇತರ ಇಗರ್ಜಿಗಳಿಗೂ ಸಾಗಿತು. ಮುಂಬಯಿಯ ಹೋಲಿ ನೇಮ್ ಕೆಥೆಡ್ರಲ್‌ನಲ್ಲಿಯೂ ಅವರ ಚಿತ್ರಗಳಿವೆ. ಕೊನೆಯ ಕೆಲಸ ಕೊಚ್ಚಿಯ ಸಾಂತಾಕ್ರೂಜ್ ಕೆಥೆಡ್ರಲ್‌ನಲ್ಲಿ. ಲಿಯೊನಾರ್ಡೊನ ಪ್ರಸಿದ್ಧ 'ಕೊನೆಯ ಭೋಜನ'ದ ಪ್ರತಿರೂಪವನ್ನು ಅವರು ಅಲ್ಲಿ ರಚಿಸಿದರು. 1905ರ ನವೆಂಬರ್ 19ರಂದು ಆ ದೇವಾಲಯದ ಪ್ರತಿಷ್ಠಾಪನೆ ನಡೆಯಿತು. ಅದಕ್ಕೆ ಕೆಲವೇ ದಿನ ಮುನ್ನ, 51ನೆಯ ವಯಸ್ಸಿನಲ್ಲಿ, ಮೊಸ್ಕೇನಿ ಕೊಚ್ಚಿಯಲ್ಲಿಯೇ ಕಣ್ಮುಚ್ಚಿದರು. ಹುಟ್ಟಿದ ನೆಲವನ್ನು ಅವರು ಮತ್ತೆ ಕಾಣಲಿಲ್ಲ.

ತೇವ ಮತ್ತು ಕಾಲದ ಹೊಡೆತಕ್ಕೆ ಸಿಲುಕಿದ ಮಂಗಳೂರಿನ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಿಸಿದರು. ಕೀರ್ತಿಯನ್ನು ಬದಿಗಿಟ್ಟು ದೂರದೇಶಕ್ಕೆ ಬಂದ ಕಲಾವಿದನ ದುಡಿಮೆ ಹೀಗೆ ಉಳಿದುಕೊಂಡಿದೆ. ತಲೆಯೆತ್ತಿ ಚಾವಣಿಯನ್ನು ನೋಡುವ ಪ್ರವಾಸಿಗರಲ್ಲಿ ಅವರ ಹೆಸರು ಬಲ್ಲವರು ಕಡಿಮೆಯೇ. ಬ್ರದರ್ ಆಗಿಯೇ ಉಳಿಯಲು ಬಯಸಿದವರಿಗೆ ಅದು ಕೊರತೆಯೆನಿಸುತ್ತಿರಲಿಲ್ಲವೇನೋ.